ತಿರುವಿನ ಗುಡ್ಡ

ಚಾಮರಾಜನಗರದಲ್ಲಿ ನಮ್ಮ ಕಾಲೇಜಿನ ಎದುರು ಸೈಬರ್ ಸೆಂಟರ್ ಇಟ್ಟಿದ್ದವರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರು ಕಂಪ್ಯೂಟರಿನ ಕಾರ್ ರೇಸ್ ಆಟವೊಂದಕ್ಕೆ ಗುಂಡ್ಲುಪೇಟೆ ರಸ್ತೆಯನ್ನು ಕಟ್ಟುತ್ತಿದ್ದರು. ರಸ್ತೆ ಬೇಗ ಮುಗಿಯಿತು. ಅವರ ಜೀವ ತಿಂದದ್ದು ಸುತ್ತಲಿನ ನೆಲ. ಆಟದ ಕಾರು ಎಂದೂ ಹೋಗಲಾರದ ಹೊಲ, ದಿಬ್ಬ, ದೂರದ ಗೋಪಾಲಸ್ವಾಮಿ ಬೆಟ್ಟ. ಭಾನುವಾರ ತಮ್ಮನ ಬೈಕಿನ ಹಿಂದೆ ಕೂತು ಹೋಗಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದೆ ಚಾಚಿ ಬೆಟ್ಟದ ಎತ್ತರ ಅಳೆದು ಬರುತ್ತಿದ್ದರು. ಆಮೇಲೆ ಅದೇ ಹೆಬ್ಬೆರಳನ್ನು ಮಾನಿಟರಿನ ಮುಂದೆ ಹಿಡಿದು ಬೆಟ್ಟವನ್ನು ಏರಿಸುವುದು, ತಗ್ಗಿಸುವುದು.

“ಅಷ್ಟು ದೂರದ್ದ ಯಾರು ನೋಡ್ತಾರಣ್ಣ?” ಎಂದರೆ, “ಇದ್ದಂಗೇ ಇರ್ಬೇಕು ಕಣ್ಲಾ” ಎನ್ನುತ್ತಿದ್ದರು. ಒಂದು ಹುಣಸೆಮರ ಜಾಗ ತಪ್ಪಿದರೂ ಸಹಿಸುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅವರ ತಮ್ಮ ಅದೇ ರಸ್ತೆಯ ತಿರುವೊಂದರಲ್ಲಿ ಎದುರಿನಿಂದ ಬಂದ ಲಾರಿಗೆ ಸಿಕ್ಕು ತೀರಿಕೊಂಡ. ಬಹಳ ದಿನ ಸೆಂಟರ್ ಮುಚ್ಚೇ ಇತ್ತು.

ಮತ್ತೆ ತೆರೆದಾಗ ಆಟ ಪೂರ್ತಿಯಾಗಿತ್ತು. ನನ್ನನ್ನೇ ಮೊದಲು ಕೂರಿಸಿದರು. ಹೊಲ, ಮರ, ಬೆಟ್ಟ ಎಲ್ಲವೂ ಇದ್ದ ಹಾಗೇ ಇದ್ದವು. ಆ ತಿರುವಿನಲ್ಲಿ ಮಾತ್ರ ರಸ್ತೆಯನ್ನು ಮರೆಮಾಡುತ್ತಿದ್ದ ಗುಡ್ಡ ಇರಲಿಲ್ಲ. ಅಲ್ಲಿ ಬರೀ ಬಯಲು.

“ಅಣ್ಣ, ಇಲ್ಲೊಂದು ಗುಡ್ಡ ಇತ್ತಲ್ಲ?”

ಅವರು ಹೆಬ್ಬೆರಳನ್ನು ಪರದೆಯ ಆ ಬಯಲಿನ ಮೇಲೆ ಇಟ್ಟರು.

“ಬುಡ್ಲಾ,” ಎಂದರು. “ಈಗ ಎದುರ್ಗೆ ಬರೋದು ದೂರದಿಂದ್ಲೇ ಕಾಣ್ತದೆ.”