ಕಡ್ಲೆಕಾಯಿ ಬಣವೆಯ ಹತ್ತಿರ ಬಂದ ಚಿಟ್ಟೆ

ನನ್ನ ಮೊಮ್ಮಗಳು ಸಿಂಚನ ಗೆದ್ದಳು! ಎಂಟು ವರ್ಷದ ಹಿಂದೆ ನಮ್ಮ ಹೊಲದಲ್ಲಿ ಅವಳು ಕಂಡ ಚಿಟ್ಟೆ ಸುಳ್ಳಲ್ಲ, ಅವಳು ತೆಗೆದ ಫೋಟೋ ನಿಜ ಎಂದು ಚಿಟ್ಟೆಗಳ ವಿಷಯ ಓದಿಕೊಂಡವರು ಇವತ್ತು ಬೆಳಿಗ್ಗೆ ಅವಳ ಕಾಲೇಜಿನ ಮೇಡಂಗೆ ತಿಳಿಸಿದ್ದಾರೆ. ಮಲೆನಾಡಿನ ಕಾಡು ಬಿಟ್ಟು ಈ ಕಡೆ ಬರುವ ಚಿಟ್ಟೆಯಲ್ಲವಂತೆ ಅದು. ಪಾವಗಡ ಸೀಮೆಯಲ್ಲಿ ಅದನ್ನು ಕಂಡವರು ಎಂದು ಬರೆಯುವ ಕಡೆ ಅವಳ ಹೆಸರು ಬರುತ್ತದಂತೆ. ಸುದ್ದಿ ಕೇಳಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಡೈರಿಗೆ ಹಾಲು ಹಾಕಲು ಹೊರಟವರನ್ನೆಲ್ಲ ತಡೆದು ನಿಲ್ಲಿಸಿ ಹೇಳಿದ್ದೇನೆ.

ಇಷ್ಟು ಕುಣಿಯುತ್ತಿರುವ ನಾನೇ ಅವತ್ತು ಆ ಮಗುವನ್ನು ಸುಳ್ಳಿ ಎಂದು ಹೊಡೆದವಳು. ಅದನ್ನು ಮುಚ್ಚಿಟ್ಟು ಬರೀ ಸಂತೋಷ ಬರೆದರೆ ತಪ್ಪಾಗುತ್ತದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ದೆವ್ವ, ಶಕುನ, ಕನಸು ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಗುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮ ಹೊಲ ನಿಡುಗಲ್ ಬೆಟ್ಟದ ಬುಡದಲ್ಲಿದೆ. ಕಡ್ಲೆಕಾಯಿ ಗಿಡ ಕಿತ್ತು ಬಣವೆ ಒಟ್ಟಿದ ಸಂಜೆ, ಬಣವೆಯ ಮುಂದೆ ದೀಪ ಹಚ್ಚಿ, ತೆಂಗಿನಕಾಯಿ ಒಡೆದು, ಬೆಲ್ಲ ಇಡುವುದು ನಮ್ಮತ್ತೆಯ ಕಾಲದಿಂದ ಬಂದದ್ದು. ದೀಪ ಆರಿದ ಮೇಲೆ ಎಲ್ಲವನ್ನೂ ಮನೆಗೆ ತರಬೇಕು. ಅವತ್ತು ಮಳೆ ಹನಿಯಿತೆಂದು ಎಣ್ಣೆ ತುಂಬಿದ ಹಣತೆ ಸಮೇತ ಎಲ್ಲ ಅಲ್ಲೇ ಬಿಟ್ಟು ಓಡಿ ಬಂದೆ. ಬೆಟ್ಟದ ಕರಡಿಗೆ ಎಣ್ಣೆ, ಬೆಲ್ಲ ಎಂದರೆ ಪ್ರಾಣ ಎನ್ನುವುದು ನಮ್ಮೂರ ಮಕ್ಕಳಿಗೂ ಗೊತ್ತು. ನನಗೆ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಸಿಂಚನ ಮೂವರೂ ಹೋದೆವು. ಪೂಜೆ ಮಾಡಿದ್ದು ಬಣವೆಯ ಆ ಮಗ್ಗುಲಲ್ಲಿ. ಅತ್ತ ಯಾರೂ ಹೋಗಲಿಲ್ಲ. ಈ ಕಡೆ ನೆರಳಿತ್ತೆಂದು ನಾನೂ ಮಗುವೂ ಬಣವೆಗೆ ಒರಗಿ ಕಾಯಿ ಬಿಡಿಸುತ್ತಾ ಕೂತೆವು. ಅವಳ ಕೈಯಲ್ಲಿ ಅವರಮ್ಮನ ಫೋನಿತ್ತು.

"ಅಜ್ಜೀ, ಅಲ್ಲಾಡ್ಬ್ಯಾಡ. ನಿನ್ ಹೆಗಲ್ ಮ್ಯಾಲೆ ಚಿಟ್ಟೆ ಕುಂತೈತೆ. ನನ್ ಎರಡು ಅಂಗೈಯಷ್ಟೈತೆ! ಮ್ಯಾಲೆ ಕಪ್ಪು, ಕೆಳಗೆ ಅರಿಶಿನ."

ತಿರುಗಿ ನೋಡಿದೆ. ಸೀರೆ ಸೆರಗು ಬಿಟ್ಟರೆ ಏನೂ ಇರಲಿಲ್ಲ. ಯಜಮಾನರೂ ನೋಡಿದರು. ಅವರಿಗೂ ಕಾಣಲಿಲ್ಲ.

"ಕೆಲ್ಸ ತಪ್ಪಿಸ್ಕಳಾಕೆ ಸುಳ್ ಬ್ಯಾರೆ ಕಲ್ತವ್ಳೆ. ಸುಮ್ನೆ ಕಾಯಿ ಬುಡ್ಸೇ" ಎಂದೆ.

"ಅಗೋ, ಹಾರ್ತು!" ಎಂದು ಎದ್ದವಳೇ ಕತ್ತು ಮೇಲೆತ್ತಿಕೊಂಡು ಹುಣಸೆಮರದ ಕಡೆ ಓಡಿದಳು. ನನಗೆ ಬರೀ ಬಿಸಿಲು ಕಂಡಿತು. ಸಿಟ್ಟು ನೆತ್ತಿಗೇರಿತು. ಬೆನ್ನು ಹತ್ತಿ ಹೋಗಿ, ಜಡೆ ಹಿಡಿದೆಳೆದು ಕೆನ್ನೆಗೆ ಬಾರಿಸಿದೆ. ತುಟಿ ಒಡೆದು ರಕ್ತ ಬಂತು. "ಸುಳ್ಳಲ್ಲಜ್ಜಿ" ಎಂದು ಅಷ್ಟೇ ಹೇಳಿದಳು. ಎರಡನೇ ಏಟಿಗೆ ಕೈ ಎತ್ತಿದ್ದೆ.

ಬಣವೆಯ ಹತ್ತಿರದಿಂದ ಯಜಮಾನರು ಕೂಗಿದರು: "ಒಳ್ಗೆ ಹಂದಿ ನುಗ್ಗೈತೆ ಕಣೇ, ದೊಣ್ಣೆ ತತ್ತಾ!" ಹಾಗೆನ್ನುತ್ತಲೇ ಕವೆಗೋಲಿನಿಂದ ತಿವಿದರು.

ಹಂದಿಯಲ್ಲ. ನಾನೂ ಮಗುವೂ ಒರಗಿ ಕೂತಿದ್ದ ಜಾಗವೇ ಬಿರಿದು ಕರಡಿ ಹೊರಗೆ ಬಿತ್ತು. ಆ ಮಗ್ಗುಲಿಂದ ಕೊರೆದುಕೊಂಡು ಒಳಗೇ ಮಲಗಿತ್ತು. ಯಜಮಾನರನ್ನು ಒಂದೇ ಏಟಿಗೆ ಕೆಡವಿ ಮುಖಕ್ಕೆ ಬಾಯಿ ಹಾಕಿತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ, ಬರೆಯಲಾರೆ. ಓಡಿದೆ. ಬಿದ್ದಿದ್ದ ಕವೆಗೋಲು ಎತ್ತಿಕೊಂಡು ಅದರ ಬೆನ್ನಿಗೆ, ಸೊಂಟಕ್ಕೆ ಸಿಕ್ಕ ಸಿಕ್ಕಲ್ಲಿ ಚುಚ್ಚಿದೆ. ಕೋಲು ಮುರಿಯಿತು. ಮುರಿದ ತುಂಡಿನಲ್ಲೇ ಅದರ ಮೂತಿಗೆ ಬಡಿದೆ. ಅದು ನನ್ನ ಕಡೆ ತಿರುಗಿ ಎರಡು ಕಾಲಿನ ಮೇಲೆ ಎದ್ದಿತು. ಎದೆಯ ಕೂದಲಿಗೆಲ್ಲ ನನ್ನ ಗಂಡನ ರಕ್ತ. ಆಗ ಸಿಂಚನ ಹಿಂದಿನಿಂದ ಬಂದು ಫೋನನ್ನು ಬೀಸಿ ಒಗೆದಳು. ಅದರ ಮೂಗಿಗೆ ಬಡಿಯಿತು. ಪಕ್ಕದ ಹೊಲದವರು ಕಲ್ಲು ತೂರುತ್ತಾ, ತಟ್ಟೆ ಬಡಿಯುತ್ತಾ ಬಂದರು. ಕರಡಿ ಫೋನನ್ನು ತುಳಿದುಕೊಂಡೇ ಬೆಟ್ಟ ಹತ್ತಿತು.

ಯಜಮಾನರ ಒಂದು ಕೆನ್ನೆ ಜೋತು ಬಿದ್ದಿತ್ತು. ಸೆರಗು ಹರಿದು ಮುಖಕ್ಕೆ ಸುತ್ತಿ, ಟ್ರ್ಯಾಕ್ಟರಿನಲ್ಲಿ ನನ್ನ ತೊಡೆಯ ಮೇಲೆ ಅವರ ತಲೆ ಇಟ್ಟುಕೊಂಡು ಆಸ್ಪತ್ರೆಗೆ ಹೋದೆ. ಜೀವ ಉಳಿಯಿತು. ಎಡಗಣ್ಣು ಹೋಯಿತು.

ಆಮೇಲೆ ಸಿಂಚನ ಚಿಟ್ಟೆಯ ಮಾತೆತ್ತಿದರೆ, ಹೆದರಿದ ಮಗು ಏನೋ ಹೇಳುತ್ತದೆ ಎನ್ನುತ್ತಿದ್ದರು ಎಲ್ಲರೂ. ನಾನೂ ಹಾಗೇ ಅಂದೆ. ಕ್ರಮೇಣ ಅವಳು ಹೇಳುವುದನ್ನೇ ಬಿಟ್ಟಳು. ಒಡೆದ ಫೋನನ್ನು ಸೊಸೆ ಟ್ರಂಕಿಗೆ ಹಾಕಿದ್ದಳು. ಹೋದ ತಿಂಗಳು ಟ್ರಂಕು ತೆಗೆದಾಗ ಸಿಂಚನ ಅದರ ಮೆಮೊರಿ ಕಾರ್ಡ್ ತೆಗೆದು ತನ್ನ ಫೋನಿಗೆ ಹಾಕಿ ನೋಡಿದಳು. ತಂದು ನನ್ನ ಮುಂದೆ ಹಿಡಿದಳು.

ಫೋಟೋದಲ್ಲಿ ಹಿಂದೆ ಬಣವೆ. ನನ್ನ ಬಲ ಹೆಗಲ ಮೇಲೆ ರೆಕ್ಕೆ ಬಿಚ್ಚಿ ಕೂತ ಕಪ್ಪು ಅರಿಶಿನದ ಚಿಟ್ಟೆ. ನಾನು ಕತ್ತು ತಿರುಗಿಸಿದ್ದೇನೆ. ಅದನ್ನೇ ನೇರ ನೋಡುತ್ತಿದ್ದೇನೆ, ಮೂಗಿಗೆ ಗೇಣು ದೂರದಲ್ಲಿ.

ಗಾಳಿಗೆ ದಾರಿ ತಪ್ಪಿ ಇಷ್ಟು ದೂರ ಬಂದಿರಬಹುದು ಎಂದರು ಫೋಟೋ ನೋಡಿದ ಕಾಲೇಜಿನ ಮೇಡಂ. ಇರಬಹುದು. ಕಣ್ಣೆದುರಿಗಿದ್ದದ್ದು ನನಗೇಕೆ ಕಾಣಲಿಲ್ಲ ಎಂದು ಕೇಳಿದೆ. ಅವರು ಫೋಟೋವನ್ನೇ ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದರು.

ಈಗ ಊಟ ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ಸಂಜೆ ಮಗ, ಸೊಸೆ, ಮೊಮ್ಮಗಳು, ಯಜಮಾನರು ಎಲ್ಲ ಒಟ್ಟಿಗೆ ಒಬ್ಬಟ್ಟಿನ ಊಟಕ್ಕೆ ಕೂತರು. "ಎರಡು ಕಣ್ಣಿದ್ದೋಳ್ಗೇ ಕಾಣ್ಲಿಲ್ಲ, ಒಂಟಿಗಣ್ಣನ್ನ ಏನ್ಲಾ ಕೇಳ್ತೀಯ" ಎಂದು ಯಜಮಾನರು, ನಿನಗೂ ಕಾಣಲಿಲ್ಲವಾ ಎಂದು ಕೇಳಿದ ಮಗನಿಗೆ ಹೇಳಿ ಎಲ್ಲರನ್ನೂ ನಗಿಸಿದರು. ಮೊದಲ ಒಬ್ಬಟ್ಟು ಸಿಂಚನಳ ಎಲೆಗೆ ಹಾಕಿ, "ಅವತ್ ಹೊಡೆದ್ಬುಟ್ಟೆ ಕಣವ್ವಾ" ಎಂದೆ. ಎಂಟು ವರ್ಷ ಬಾಯಿಗೆ ಬಾರದ ಮಾತು.

ಅವಳು ತಲೆ ಎತ್ತಿದಳು. ನನ್ನ ಮುಖ ನೋಡಲಿಲ್ಲ. ಬಲ ಹೆಗಲ ಕಡೆ ನೋಡಿ ಸಣ್ಣಗೆ ನಕ್ಕಳು.

"ಏನೇ ಅದು?"

"ಏನಿಲ್ಲಜ್ಜಿ. ತುಪ್ಪ ಹಾಕು."

ನಾನು ತಿರುಗಿ ನೋಡಲಿಲ್ಲ. ಹೆಗಲು ಅಲುಗದ ಹಾಗೆ ಬಗ್ಗಿ, ತುಪ್ಪ ಬಡಿಸಿ, ಅವಳ ಪಕ್ಕದಲ್ಲೇ ಎಲೆ ಹಾಕಿಕೊಂಡು ಊಟಕ್ಕೆ ಕೂತೆ.