ಕನ್ನಡದಲ್ಲಿ ಕೂಗಿದ ಸೊಂಟದ ಅಳತೆ

ಸಾಲಿನಲ್ಲಿದ್ದ ಒಬ್ಬ ಹುಡುಗಿ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದಳು. ಹಿಂದಿದ್ದವರನ್ನೆಲ್ಲ ಮುಂದೆ ಬಿಟ್ಟು ಮತ್ತೆ ಕೊನೆಗೆ ನಿಲ್ಲುತ್ತಿದ್ದಳು.

ಕಳೆದ ವಾರ ಸೂರತ್‌ನ ಸಚಿನ್ ಅನ್ನೋ ಏರಿಯಾದ ಒಂದು ಶಾಲೆಗೆ ಯೂನಿಫಾರ್ಮ್ ಅಳತೆಗೆ ಹೋಗಿದ್ದೆ. ನಾವು ದಾವಣಗೆರೆಯವರು, ಸೂರತ್‌ನಲ್ಲೇ ಉಧ್ನಾ ಏರಿಯಾದಲ್ಲಿ ನಮ್ಮದೊಂದು ಸಣ್ಣ ಹೊಲಿಗೆ ಯೂನಿಟ್ ಇದೆ. ಕೆಲಸದವರು ಊರಿಗೆ ಹೋಗಿದ್ದರಿಂದ ಒಂಬತ್ತನೇ ಕ್ಲಾಸಿನ ಮಗಳು ಇಂಚರಾಳನ್ನು ಬರೆದುಕೊಳ್ಳೋಕೆ ಅಂತ ಎಳೆದುಕೊಂಡು ಹೋಗಿದ್ದೆ.

ನಮ್ಮಲ್ಲಿ ಟೇಪ್ ಹಿಡಿದವರು ಹಿಂದಿಯಲ್ಲಿ ಗಟ್ಟಿಯಾಗಿ ಅಳತೆ ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಮೊದಲಿಂದಲೂ ಹಾಗೇ.

ನಾನು ಈ ಕೆಲಸ ಶುರು ಮಾಡಿದಾಗ ಎಂಟನೇ ಕ್ಲಾಸಿಗೆ ಕತ್ತರಿಸುತ್ತಿದ್ದ ಸೈಜ್ ಈಗ ಐದನೇ ಕ್ಲಾಸಿಗೇ ಬೇಕು. ಆಟದ ಪೀರಿಯಡ್ ಇಲ್ಲ, ಸಂಜೆಯಾದರೆ ಟ್ಯೂಷನ್, ಕೈಯಲ್ಲಿ ಚಿಪ್ಸ್ ಪ್ಯಾಕೆಟ್... ವರ್ಷದಿಂದ ವರ್ಷಕ್ಕೆ ದಪ್ಪಗಿರುವ ಮಕ್ಕಳೇ ಜಾಸ್ತಿ.

ಆದರೂ ದೊಡ್ಡ ನಂಬರ್ ಕೇಳಿದರೆ ಸಾಕು, ಇಡೀ ಸಾಲು ನಗುತ್ತದೆ.

ಅವತ್ತೂ ನಾನು ಒಬ್ಬ ಹುಡುಗನ ಸೊಂಟದ ಅಳತೆ ಕೂಗಿದಾಗ ನಕ್ಕರು. ಹಿಂದಕ್ಕೆ ಹೋಗುತ್ತಿದ್ದ ಆ ದಪ್ಪನೆಯ ಹುಡುಗಿ ತನಗೆ ಯೂನಿಫಾರ್ಮೇ ಬೇಡ ಅಂತ ಗೋಡೆ ಕಡೆ ತಿರುಗಿ ನಿಂತುಬಿಟ್ಟಳು.

ಇಂಚರಾ ಎದ್ದು ಬಂದವಳೇ ಪೆನ್ನು ನನ್ನ ಕೈಗಿಟ್ಟು ಟೇಪ್ ಕಿತ್ತುಕೊಂಡಳು.

"ಅಮ್ಮಾ, ನೀನು ಬರ್ಕೋ. ನಾನು ಎಲ್ಲರದ್ದೂ ಕನ್ನಡದಲ್ಲಿ ಹೇಳ್ತೀನಿ."

ನಾನು ಕಣ್ಣು ಕಣ್ಣು ಬಿಟ್ಟೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಗುಜರಾತಿಯಲ್ಲಿ ಉತ್ತರ ಕೊಡುವ ಮಹಾರಾಣಿ ಇವಳು. ಕನ್ನಡದ ಅಂಕಿ ಇಪ್ಪತ್ತು ದಾಟಿದರೆ ತಡವರಿಸುತ್ತಾಳೆ.

ಆದರೆ ಹೇಳುತ್ತಿದ್ದಾಳೆ... ಸೊಂಟ ಇಪ್ಪತ್ತಾರು, ಉದ್ದ ಮೂವತ್ತು. ಸಣಕಲರಿಗೂ ಕನ್ನಡ, ದಪ್ಪಗಿರುವವರಿಗೂ ಕನ್ನಡ. ಯಾರಿಗೂ ತಲೆಬುಡ ಅರ್ಥವಾಗುತ್ತಿಲ್ಲ. ಮಕ್ಕಳು ಈಗ ನಮ್ಮ ಭಾಷೆ ಕೇಳಿ ನಗುತ್ತಿದ್ದಾರೆ, ಒಬ್ಬರನ್ನೊಬ್ಬರು ನೋಡಿ ಅಲ್ಲ.

ಸ್ವಲ್ಪ ಹೊತ್ತಿಗೆ ಆ ಹುಡುಗಿ ತಾನಾಗಿಯೇ ಬಂದು ಕೈ ಎತ್ತಿ ನಿಂತಳು. ಇಂಚರಾ ಅವಳ ಅಳತೆಯನ್ನೂ ಅಷ್ಟೇ ಗಟ್ಟಿಯಾಗಿ ಕೂಗಿದಳು. ಯಾರೂ ತಿರುಗಿ ನೋಡಲಿಲ್ಲ.

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತು.

ವಾಪಸ್ ಬರುವಾಗ ಆಟೋದಲ್ಲಿ, ಇದೆಲ್ಲ ಹೇಗೆ ಹೊಳೆಯಿತು ಅಂತ ಕೇಳಿದೆ. ನನ್ನ ಮಗಳೂ ಮೈಕೈ ತುಂಬಿಕೊಂಡವಳೇ.

"ನಮ್ಮ ಸ್ಕೂಲಲ್ಲಿ ನನ್ನ ಅಳತೆ ಹಿಂದೀಲೇ ಕೂಗಿದ್ರು ಅಮ್ಮಾ" ಅಂದಳು, ಹೊರಗೆ ನೋಡುತ್ತಾ.

ತನಗಾದದ್ದು ಇನ್ನೊಬ್ಬಳಿಗೆ ಆಗದಂತೆ ನೋಡಿಕೊಂಡಳಲ್ಲ, ಅದಕ್ಕೆ ನನ್ನ ಹೆಮ್ಮೆ ಇನ್ನೂ ಇಳಿದಿಲ್ಲ.

ಆದರೆ ತನ್ನ ಅಳತೆ ಕೂಗಿದ ದಿನ ಅವಳು ಮನೆಗೆ ಬಂದು ಒಂದು ಮಾತೂ ಹೇಳಿರಲಿಲ್ಲ... ಇಂಥದ್ದನ್ನ ನಿಮ್ಮ ಮಕ್ಕಳು ನಿಮಗೆ ಹೇಳಿದ್ದಾರಾ?