‘ಹೋಗಿ ಬರ್ತೀವಿ’ ಅಂದದ್ದಕ್ಕೆ ಕಾದು ಕುಳಿತವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯಲ್ಲಿ ರೇಡಿಯೋ ವಾರ್ತೆ ಓದುತ್ತಿದೆ. ಈರುಳ್ಳಿ ಹೆಚ್ಚುತ್ತಿರುವ ದುಭಾಷಿ ಅದರ ಬೆನ್ನು ಹತ್ತಿದ್ದಾಳೆ. ರೇಡಿಯೋದವನು ನೆರೆಯ ದೇಶದ ಭಾಷೆಯಲ್ಲಿ ಒಂದು ವಾಕ್ಯ ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಇವಳು ಅದನ್ನು ತನ್ನ ಭಾಷೆಗೆ ತಂದು ಕೂರಿಸಿರುತ್ತಾಳೆ. ಬೆಲೆ ಏರಿಕೆ, ಅಪಘಾತ, ನಾಳೆಯ ಮೋಡ, ಯಾವುದನ್ನೂ ಬಿಡುವುದಿಲ್ಲ. ನಾಲಿಗೆ ಹದಕ್ಕೆ ಬರಬೇಕಲ್ಲ. ಒಳಗಿನ ಮಂಚದಿಂದ ಅತ್ತೆಯ ದನಿ ಬರುತ್ತದೆ: "ಈ ಮನೇಲಿ ಎರಡು ರೇಡಿಯೋ. ಒಂದಕ್ಕೆ ಆರಿಸೋ ಗುಂಡೀನೇ ಇಲ್ಲ."

ಎರಡು ನಾಲಿಗೆಯವಳು ಎಂದರೆ ಲೋಕದಲ್ಲಿ ಬೈಗುಳ. ಈ ಮನೆಯಲ್ಲಿ ಮಾತ್ರ ಅದು ಸೊಸೆಯ ಉದ್ಯೋಗ. ಗಡಿ ಪಟ್ಟಣದ ಹಳೆಯ ರೈಲ್ವೆ ವಿಶ್ರಾಂತಿಗೃಹದಲ್ಲಿ ಎರಡು ದೇಶಗಳು ಎದುರುಬದುರು ಕುಳಿತು ಮಾತಾಡಲು ಶುರುಮಾಡಿ ವರ್ಷವಾಗುತ್ತ ಬಂತು. ಉದ್ದನೆಯ ಮೇಜಿನ ಆ ಕಡೆ ಅವರು, ಈ ಕಡೆ ಇವರು, ಮೇಜಿನ ತುದಿಯಲ್ಲಿ ಇವಳ ಕುರ್ಚಿ. ಯಾರ ಪಕ್ಕಕ್ಕೂ ಒಂದಂಗುಲ ಹೆಚ್ಚು ಸರಿಯುವಂತಿಲ್ಲ.

ಮಾತುಕತೆ ಯಾಕೆ ಎಂದರೆ ಲಾರಿ ಚಾಲಕರಿಗಾಗಿ. ಮೂರು ವರ್ಷದ ಹಿಂದೆ ಗಡಿ ಸೇತುವೆಯ ಬಳಿ ಗುಂಡು ಹಾರಿ, ರಾತ್ರೋರಾತ್ರಿ ಗಡಿ ಮುಚ್ಚಿತು. ಸರಕು ಇಳಿಸಲು ಹೋಗಿದ್ದವರು ಹೋದಲ್ಲೇ ಸಿಕ್ಕಿಬಿದ್ದರು. ಇಲ್ಲಿಯವರು ಅಲ್ಲಿ, ಅಲ್ಲಿಯವರು ಇಲ್ಲಿ. ಎರಡೂ ಸರ್ಕಾರಗಳು ಅವರನ್ನು ಗೂಢಚಾರರು ಎಂದು ಹಿಡಿದಿಟ್ಟವು. ಈ ಕಡೆಯ ಚಾಲಕರ ಹೆಂಡತಿಯರು ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ವಿಶ್ರಾಂತಿಗೃಹದ ಗೇಟಿನ ಬಳಿ ನಿಲ್ಲುತ್ತಿದ್ದರು. ಕಾರಿನಲ್ಲಿ ಬರುವ ದೊಡ್ಡವರನ್ನು ತಡೆಯಲಾಗುತ್ತಿರಲಿಲ್ಲ, ಸೈಕಲ್ಲಿನಲ್ಲಿ ಬರುವ ದುಭಾಷಿಯನ್ನು ತಡೆಯಬಹುದಿತ್ತು. "ಇವತ್ತಾದ್ರೂ ಆಗುತ್ತಾ ಅಕ್ಕಾ?" ಒಳಗಿನ ಒಂದಕ್ಷರ ಹೊರಗೆ ಹೇಳುವಂತಿಲ್ಲ ಎಂದು ಪ್ರಮಾಣ ಮಾಡಿದವಳು ಇವಳು. ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. "ಅವರ ಮುಖ ನೋಡೋದಕ್ಕಿಂತ ಬೈಸಿಕೊಳ್ಳೋದೇ ವಾಸಿ ಅನ್ನಿಸ್ತಿತ್ತು" ಎನ್ನುತ್ತಾಳೆ.

ಈ ವಿದ್ಯೆ ಎಲ್ಲಿ ಕಲಿತದ್ದು ಎಂದು ಕೇಳಿದರೆ ನಗುತ್ತಾಳೆ. ಅವಳ ತಾಯಿ ಗಡಿಯಾಚೆಯವರು, ತಂದೆ ಈಚೆಯವರು. ಇಬ್ಬರೂ ಮುನಿಸಿಕೊಂಡರೆ ವಾರಗಟ್ಟಲೆ ಮಾತಿಲ್ಲ. "ನಿಮ್ಮಪ್ಪನಿಗೆ ಹೇಳು, ಸಾರು ಒಲೆ ಮೇಲಿದೆ ಅಂತ." "ನಿಮ್ಮಮ್ಮನಿಗೆ ಹೇಳು, ನನಗೆ ಹಸಿವಿಲ್ಲ ಅಂತ." ಅಡುಗೆಮನೆಗೂ ಜಗುಲಿಗೂ ಓಡಾಡಿ ಹುಡುಗಿಯ ಕಾಲು ಸವೆಯುತ್ತಿತ್ತು. ಒಮ್ಮೆ ಕನಿಕರಪಟ್ಟು, ಅಮ್ಮ ಹೇಳದೇ ಇದ್ದ ಒಂದು ಸಿಹಿ ಮಾತನ್ನು ಸೇರಿಸಿ ಅಪ್ಪನಿಗೆ ಮುಟ್ಟಿಸಿದಳು. ಅಪ್ಪ ಕರಗಿ ಒಳಗೆ ಹೋದರು. ಅಮ್ಮ, "ನಾನೆಲ್ಲಿ ಹಾಗಂದೆ?" ಎಂದರು. ಜಗಳ ಮೊದಲಿಗಿಂತ ಎರಡು ವಾರ ಹೆಚ್ಚು ನಡೆಯಿತು. ಆವತ್ತೇ ಅವಳು ಕಿವಿ ಹಿಡಿದುಕೊಂಡಳು: ಖಾರವಿದ್ದರೆ ಖಾರವೇ, ಕಹಿಯಿದ್ದರೆ ಕಹಿಯೇ, ಸಕ್ಕರೆ ಬೆರೆಸುವುದಿಲ್ಲ.

ಈಗ ಮೊನ್ನೆಯ ಸಂಗತಿಗೆ ಬರೋಣ. ಇದನ್ನು ಬಾಯಿಬಿಟ್ಟವಳು ಇವಳಲ್ಲ. ಎರಡೂ ಕಡೆಯ ಮುಖಂಡರೇ ಪತ್ರಕರ್ತರ ಮುಂದೆ ಹೊಟ್ಟೆ ಹಿಡಿದು ನಗುತ್ತಾ ಹೇಳಿದ ಮೇಲಷ್ಟೇ ಅವಳೂ ಮಾತಾಡಲು ಒಪ್ಪಿದ್ದು.

ಆ ದಿನ ಎಲ್ಲ ಮುಗಿದಿತ್ತು, ಒಂದು ಗಂಟು ಉಳಿದಿತ್ತು. ಮೊದಲು ಯಾರು ಬಿಡಬೇಕು? ಮೊದಲು ಬಿಟ್ಟವರು ತಮ್ಮ ಊರಿನಲ್ಲಿ ಸೋತವರಾಗುತ್ತಾರೆ. ಈ ಕಡೆಯ ಮುಖಂಡರು ದಪ್ಪ ಮೀಸೆಯ ಮಾಜಿ ಸೇನಾಧಿಕಾರಿ. ಆ ಕಡೆಗೆ ದನಿಯನ್ನೇ ಏರಿಸದ, ಬೆಳ್ಳಿಕೂದಲಿನ ಹಿರಿಯ ಹೆಂಗಸು. ಮಾತಿಗೆ ಮಾತು ಬೆಳೆಯಿತು. ಮೀಸೆಯವರು ಕಡತ ಮುಚ್ಚಿ ಧಡಕ್ಕನೆ ಎದ್ದರು. ಎಷ್ಟೇ ಸಿಟ್ಟಿದ್ದರೂ ಸಂಸ್ಕಾರ ಬಿಡುತ್ತದೆಯೇ? ಬಾಗಿಲಲ್ಲಿ ತಿರುಗಿ, ಹಲ್ಲು ಕಚ್ಚಿಕೊಂಡೇ, "ಹೋಗಿ ಬರ್ತೀವಿ" ಎಂದರು.

ನಮ್ಮ ಮಾತಿನಲ್ಲಿ ಅದರ ಅರ್ಥ ಇಷ್ಟೇ: ಹೊರಟೆವು. ಇನ್ನು ಜನ್ಮದಲ್ಲಿ ಈ ಹೊಸಿಲು ತುಳಿಯುವುದಿಲ್ಲ ಎನ್ನುವವರೂ ಹೋಗಿ ಬರ್ತೀನಿ ಎಂದೇ ಹೋಗುತ್ತಾರೆ. ಆ ಕಡೆಯವರ ಭಾಷೆಯಲ್ಲಿ ಹೊರಟವರು ಹೊರಟೆ ಎನ್ನುತ್ತಾರೆ, ಬರುವವರು ಮಾತ್ರ ಬರುತ್ತೇನೆ ಎನ್ನುತ್ತಾರೆ. ಬೆಳಗಿನಿಂದ ದುಡಿದು ದಣಿದ ನಾಲಿಗೆ. ದುಭಾಷಿ ಪದಕ್ಕೆ ಪದ ಇಟ್ಟು ಹೇಳಿಬಿಟ್ಟಳು: "ನಾವು ಹೋಗಿ, ವಾಪಸ್ ಬರುತ್ತೇವೆ."

ಬೆಳ್ಳಿಕೂದಲಿನವರು ತಲೆಯಾಡಿಸಿ ಕುಳಿತೇ ಇದ್ದರು. ಅವರ ತಂಡವೂ ಏಳಲಿಲ್ಲ. ದುಭಾಷಿಗೆ ತಪ್ಪು ಹೊಳೆದದ್ದು ಆಗ. "ಸುಮ್ಮನಿದ್ರೆ ಸುಳ್ಳು ಹೇಳಿದ ಹಾಗೆ. ಬಾಯಿಬಿಟ್ರೆ ಅವರೂ ಎದ್ದು ಹೋಗ್ತಾರೆ. ಗೇಟಲ್ಲಿ ನಿಂತವರ ಮುಖ ಕಣ್ಣಮುಂದೆ ಬಂತು" ಎನ್ನುತ್ತಾಳೆ.

ಹೊರಗೆ ಕಾರು ಹತ್ತುತ್ತಿದ್ದ ಮೀಸೆಯವರಿಗೆ ಕಾವಲುಗಾರ ಸುದ್ದಿ ಮುಟ್ಟಿಸಿದ: ಸ್ವಾಮಿ, ಅವರು ಎದ್ದೇ ಇಲ್ಲ, ನಿಮಗೆ ಕಾಯ್ತಾ ಇದ್ದಾರಂತೆ. ನನಗ್ಯಾಕೆ ಕಾಯ್ತಾರೆ ಎಂದು ಗುಡುಗಿದರು. ನೀವೇ ಬರ್ತೀನಿ ಅಂದ್ರಂತಲ್ಲ ಎಂದ ಅವನು. ಮೀಸೆಯವರು ಕಾರಿನ ಬಾಗಿಲು ಹಿಡಿದೇ ನಿಂತರು. ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವರು, ಕೊಡದೇ ಇದ್ದ ಮಾತಿಗೆ ಸಿಕ್ಕಿಬಿದ್ದಿದ್ದರು. ಗೊಣಗುತ್ತಾ ಮೆಟ್ಟಿಲು ಹತ್ತಿ ವಾಪಸ್ ಬಂದರು.

ಅವರು ಕೂರುವ ಮೊದಲೇ ದುಭಾಷಿ ಎದ್ದು ನಿಂತಳು. ಅವಳ ಕುರ್ಚಿಯಲ್ಲಿ ಕೂತವರು ಸ್ವಂತ ಮಾತಾಡುವ ಪದ್ಧತಿಯೇ ಇಲ್ಲ. ಆದರೂ ಎರಡೂ ಭಾಷೆಯಲ್ಲಿ ಒಪ್ಪಿಕೊಂಡಳು: "ತಪ್ಪು ನನ್ನದು. ಅವರು ಹೇಳಿದ್ದು ಬರೀ ವಿದಾಯ. ವಾಪಸ್ ಬರ್ತೀವಿ ಅಂತಲ್ಲ. ನನ್ನನ್ನ ತೆಗೆದುಹಾಕಿದ್ರೂ ಸರಿ, ಇದು ತಿಳಿದೇ ಮುಂದಕ್ಕೆ ಮಾತಾಡಿ."

ಬೆಳ್ಳಿಕೂದಲಿನವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: "ಗೊತ್ತು ಮಗಳೇ. ವರ್ಷದಿಂದ ದಿನಾ ಸಂಜೆ ನೀವೆಲ್ಲ ಹೇಳೋದು ಕೇಳಿದ್ದೀನಿ. ನಮಗೂ ಎದ್ದು ಹೋಗೋಕೆ ಮನಸ್ಸಿರಲಿಲ್ಲ. ಕೂತಿರೋಕೆ ಒಂದು ನೆಪ ಬೇಕಿತ್ತು, ನೀನು ಕೊಟ್ಟೆ."

ಇದನ್ನೂ ಅವಳೇ ಅನುವಾದಿಸಬೇಕಾಯಿತು. ಕೇಳಿದ ಮೀಸೆಯವರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಮೀಸೆ ಕುಣಿಯುವಂತೆ ನಕ್ಕರು. ಇಂಥ ನಗುವಿನ ಬೆನ್ನಿಗೆ ಆಗುವ ಕೆಲಸ ತಿಂಗಳುಗಟ್ಟಲೆ ಮೇಜು ಗುದ್ದಿದರೂ ಆಗುವುದಿಲ್ಲ. ಎರಡು ದೇಶ ಎಂದರೂ ಕೊನೆಗೆ ಮಾತಾಡುವುದು ಮರ್ಯಾದೆಗೆ ಅಂಜುವ ನಾಲ್ಕು ಮನುಷ್ಯರೇ. ಸೋಲಿಲ್ಲದೆ ಹಿಂದೆ ಬರಲು ಅವರಿಗೆ ಒಂದು ದಾರಿ ತೆರೆದಿಟ್ಟರೆ ಸಾಕು. ಸಂಜೆಯೊಳಗೆ ಗಂಟು ಬಿಚ್ಚಿತು: ಮೊದಲು ಯಾರೂ ಬೇಡ. ಸೇತುವೆಯ ಎರಡೂ ತುದಿಯ ಗೇಟು ಒಟ್ಟಿಗೇ ತೆರೆಯಲಿ, ಲಾರಿಗಳು ನಡುವೆ ಒಂದನ್ನೊಂದು ದಾಟಿ ಹೋಗಲಿ.

ಸಹಿ ಬಿತ್ತು. ಗೇಟಿನ ಬಳಿಯ ಹೆಂಗಸರಿಗೆ ಯಾರು ಹೇಳುವುದು? ಮೀಸೆಯವರು ಹೇಳಿಕೆ ಬರೆಸಲು ಹೊರಟರು. ಬೆಳ್ಳಿಕೂದಲಿನವರು ತಡೆದು, ದುಭಾಷಿಯತ್ತ ಕೈ ತೋರಿದರು.

ಅವಳು ಗೇಟಿಗೆ ನಡೆದುಹೋದಳು. ಹೆಂಗಸರು ಎಂದಿನ ಆ ಪ್ರಶ್ನೆ ಕೇಳಲೂ ಧೈರ್ಯವಿಲ್ಲದೆ ನಿಂತಿದ್ದರು. "ನಾಳೆ ಮನೆಗೆ ಬರ್ತಾರೆ ಅಂದೆ" ಎನ್ನುತ್ತಾಳೆ ದುಭಾಷಿ, ಹೆಚ್ಚಿದ ಈರುಳ್ಳಿಯನ್ನು ಬಾಣಲೆಗೆ ಸುರಿಯುತ್ತಾ. "ಇಷ್ಟು ವರ್ಷ ಬೇರೆಯವರು ಹೇಳಿದ್ದನ್ನೇ ಹೇಳಿದ್ದೀನಿ. ಆ ಮಾತನ್ನ ನನಗಿಂತ ಮೊದಲು ಯಾರೂ ಹೇಳಿರಲಿಲ್ಲ."